ಕೊಬ್ಬರಿ ರೇಟು ನೋಡೋಕೆ ಐದು ನಿಮಿಷ ಕಾಯಬೇಕಾ?

ತಿಪಟೂರು ಎಪಿಎಂಸಿಯಲ್ಲಿ ಉಂಡೆ ಕೊಬ್ಬರಿ ಇವತ್ತು ಕ್ವಿಂಟಾಲಿಗೆ ಎಷ್ಟಕ್ಕೆ ಹೋಯ್ತು? ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಬೆಳೆಗಾರರಿಗೆ ಬೇಕಿರುವುದು ಕನಿಷ್ಠ, ಗರಿಷ್ಠ, ಮಾದರಿ ಅನ್ನೋ ಮೂರು ಅಂಕಿ. ತಿಂಗಳುಗಟ್ಟಲೆ ಕಾಯಿಯನ್ನು ಅಟ್ಟದಲ್ಲಿಟ್ಟು ಕಾದವರು ಈ ವಾರ ಮಾರಬೇಕಾ, ಇನ್ನೊಂದು ವಾರ ತಡೀಬೇಕಾ ಅನ್ನೋದನ್ನು ನಿರ್ಧರಿಸೋದು ಅದನ್ನು ನೋಡಿಯೇ. ಬರೀ ಅಕ್ಷರದಲ್ಲಿ ಕಳಿಸಿದರೆ ಅದು ಒಂದು ಕೆಬಿ ಕೂಡ ಆಗಲ್ಲ.

ಆದರೆ ವೆಬ್ ಪುಟಗಳ ತೂಕ ಅಳೆಯುವ ಎಚ್‌ಟಿಟಿಪಿ ಆರ್ಕೈವ್‌ನ 2024ರ ಲೆಕ್ಕದಲ್ಲಿ, ಮೊಬೈಲಿಗೆ ಬರುವ ಮಧ್ಯಮ ತೂಕದ ಪುಟವೇ ಸುಮಾರು 2.3 ಎಂಬಿ. "ಡೇಟಾ ಅಗ್ಗ ಆಗಿದೆಯಲ್ಲ, ಏನೀಗ?" ಅನ್ನಬಹುದು. ದಿನದ ಡೇಟಾ ಮುಗಿದ ಮೇಲೆ ಹಲವು ಪ್ಲಾನ್‌ಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತೆ. ಆ ವೇಗದಲ್ಲಿ 2.3 ಎಂಬಿ ಇಳಿಯೋಕೆ ಹೆಚ್ಚುಕಮ್ಮಿ ಐದು ನಿಮಿಷ ಬೇಕು.

ಕೆಲವರು ಕನ್ನಡ ಲಿಪಿಯನ್ನೇ ದೂರುತ್ತಾರೆ. ಅರ್ಧ ನಿಜ. ಯುಟಿಎಫ್-8ರಲ್ಲಿ ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೇಕು. 'ಕೊಬ್ಬರಿ' ಅಂದರೆ ಸ್ವರಚಿಹ್ನೆ, ಒತ್ತು ಎಲ್ಲ ಸೇರಿ ಏಳು ಚಿಹ್ನೆ, 21 ಬೈಟ್. ಆದರೆ ಆ ಮೂರರಲ್ಲಿ ಮೊದಲ ಬೈಟ್ ಎಲ್ಲಕ್ಕೂ ಒಂದೇ, ಎರಡನೆಯದು ಎರಡರಲ್ಲೊಂದು. ಪದೇ ಪದೇ ಬರುವುದನ್ನು ಹಿಂಡಿ ಚಿಕ್ಕದು ಮಾಡೋದೇ ಜಿಜಿಪ್ ಕೆಲಸ. ಹಾಗಾಗಿ ಸರ್ವರ್‌ನಲ್ಲಿ ಅದನ್ನು ಆನ್ ಮಾಡಿದರೆ ಈ ಹೊರೆ ಬಹುಪಾಲು ಕರಗುತ್ತೆ.

ನಿಜವಾದ ಭಾರ ಬೇರೆ ಕಡೆ ಇದೆ. ಅಂಗೈಯಗಲದ ಪರದೆಗೆ 4000 ಪಿಕ್ಸೆಲ್ ಅಗಲದ ಸಚಿವರ ಫೋಟೋ ಯಾಕೆ? ಅಳತೆಗೆ ತಕ್ಕಂತೆ ಕುಗ್ಗಿಸಿ ವೆಬ್‌ಪಿ ರೂಪದಲ್ಲಿಟ್ಟರೆ ಅಲ್ಲೇ ದೊಡ್ಡ ಉಳಿತಾಯ. ಫೋನಿನಲ್ಲೇ ಕನ್ನಡ ಫಾಂಟ್ ಇರುವಾಗ ಒತ್ತಕ್ಷರಗಳಿಂದ ದಪ್ಪಗಾದ ಇನ್ನೊಂದು ಫಾಂಟ್ ಕಳಿಸೋದೂ ದಂಡ. ಜಾವಾಸ್ಕ್ರಿಪ್ಟ್ ಇನ್ನೂ ತುಟ್ಟಿ: ಇಳಿಸಿಕೊಂಡರಷ್ಟೇ ಸಾಲದು, ಕಡಿಮೆ ಬೆಲೆಯ ಫೋನು ಅದನ್ನು ಓದಿ ಓಡಿಸಬೇಕು.

ಎಲ್ಲಕ್ಕಿಂತ ಸಿಟ್ಟು ಬರಿಸೋದು ಸ್ಕ್ಯಾನ್ ಮಾಡಿದ ಪಿಡಿಎಫ್ ಸುತ್ತೋಲೆ. ಬೆಂಬಲ ಬೆಲೆ ಖರೀದಿಯ ನೋಂದಣಿ ದಿನಾಂಕ ಎರಡೇ ಸಾಲು, ಕಡತ ಮಾತ್ರ ಎಂಬಿಗಟ್ಟಲೆ. ಹುಡುಕಿದರೆ ಸಿಗಲ್ಲ, ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಓದಲ್ಲ.

ಇಲಾಖೆಗಳು ವೆಬ್‌ಸೈಟ್ ಟೆಂಡರ್ ಕರೆಯುವಾಗ ಪುಟದ ತೂಕಕ್ಕೂ ಕೆಬಿ ಲೆಕ್ಕದಲ್ಲಿ ಮಿತಿ ಹಾಕಲಿ ಅಂತ ನಾವು ಕೇಳಬೇಕು. ಕೇಳೋ ಮೊದಲು ನಮ್ಮಂಥ ಸುದ್ದಿತಾಣಗಳೂ ಕನ್ನಡಿ ನೋಡಿಕೊಳ್ಳಲಿ. ಈ ಲೇಖನದ ಅಕ್ಷರಗಳೆಲ್ಲ ಸೇರಿ ಹತ್ತು ಕೆಬಿ ದಾಟಲ್ಲ. ಉಳಿದದ್ದೆಲ್ಲ ನಾವು ಹೇರಿದ್ದು.