ಹಿಂದೆ ನೋಡುವುದಲ್ಲ, ನೋಡಿಕೊಳ್ಳುವುದು

ನಮ್ಮ ನೆರೆಯ ಕನ್ನಡ ಮನೆಯ ಬಾಲಕನೊಬ್ಬನು ಈಚೆಗೆ ತನ್ನ ಇಂಗ್ಲಿಷ್ ಪ್ರಬಂಧದ ಪುಸ್ತಕವನ್ನು ನಮ್ಮ ಮುಂದೆ ತಂದಿಟ್ಟನು. ‘ನನ್ನ ಕುಟುಂಬ’ವೆಂಬುದು ಪ್ರಬಂಧದ ವಿಷಯ. ತಂದೆತಾಯಿಗಳಿಬ್ಬರೂ ಕೆಲಸಕ್ಕೆ ಹೋಗುವ ಆ ಮನೆಯಲ್ಲಿ ಅವನ ಊಟ ಉಡುಗೆಗಳ ಯೋಗಕ್ಷೇಮವೆಲ್ಲ ಕಲಬುರಗಿಯ ಕಡೆಯಿಂದ ಬಂದಿರುವ ಅಜ್ಜಿಯದು. ‘ಅಜ್ಜಿ ನನ್ನನ್ನು ನೋಡಿಕೊಳ್ಳುತ್ತಾಳೆ’ ಎಂಬ ಮನಸ್ಸಿನ ಮಾತನ್ನು ಅವನು ‘ಮೈ ಗ್ರ್ಯಾಂಡ್‌ಮದರ್ ಸೀಸ್ ಮಿ’ ಎಂದು ಬರೆದಿದ್ದನು. ಉಪಾಧ್ಯಾಯರು ‘ಸೀಸ್’ ಎಂಬುದನ್ನು ಕೆಂಪು ಶಾಯಿಯಿಂದ ಹೊಡೆದುಹಾಕಿ, ಅದರ ಮೇಲೆ ‘ಲುಕ್ಸ್ ಆಫ್ಟರ್’ ಎಂದು ತಿದ್ದಿದ್ದರು.

“ಕಾಕಾ, ‘ಆಫ್ಟರ್’ ಅಂದ್ರ ಆಮ್ಯಾಲೆ, ಇಲ್ಲಾ ಹಿಂದ. ಅಜ್ಜಿ ನನ್ನ ಹಿಂದ ಏನ ನೋಡ್ತಾಳ?” ಎಂಬುದು ಬಾಲಕನ ಸಂಶಯ.

ಈ ಪ್ರಶ್ನೆಗೆ ನಗುವಂತಿಲ್ಲ. ಇಂಗ್ಲಿಷಿನಲ್ಲಿ ಕ್ರಿಯಾಪದವೊಂದು ಚಿಕ್ಕದೊಂದು ಪದದ ಜೊತೆಗೂಡಿದೊಡನೆ ಹೊಸ ಅರ್ಥವನ್ನು ತಾಳಿಬಿಡುತ್ತದೆ. ‘ಲುಕ್’ ಎಂದರೆ ನೋಡು. ಅದಕ್ಕೆ ‘ಫಾರ್’ ಸೇರಿದರೆ ಹುಡುಕು. ‘ಇನ್‌ಟು’ ಸೇರಿದರೆ ವಿಚಾರಿಸು. ‘ಆಫ್ಟರ್’ ಸೇರಿದರೆ ಆರೈಕೆ ಮಾಡು. ಕಳೆದುಹೋದ ಬೀಗದ ಕೈಯನ್ನು ಅರಸುವವನು ‘ಐ ಆ್ಯಮ್ ಲುಕಿಂಗ್ ಫಾರ್ ದಿ ಕೀ’ ಎನ್ನಬೇಕು. ತನ್ನ ಅಹವಾಲನ್ನು ವಿಚಾರಿಸಿರೆಂದು ಕಚೇರಿಗೆ ಬರೆಯುವವನು ‘ಪ್ಲೀಸ್ ಲುಕ್ ಇನ್‌ಟು ದಿ ಮ್ಯಾಟರ್’ ಎನ್ನಬೇಕು. ಒಂದರ ಸ್ಥಾನದಲ್ಲಿ ಇನ್ನೊಂದನ್ನಿಟ್ಟರೆ ಅರ್ಥ ಕೆಡುತ್ತದೆ.

ಹಾಗಾದರೆ ‘ಹಿಂದೆ’ ಎಂಬ ಅರ್ಥ ಎಲ್ಲಿ ಹೋಯಿತು? ಹೊರಟುಹೋಗುವವರ ಬೆನ್ನಹಿಂದೆಯೇ ದೃಷ್ಟಿ ಹರಿಸುವುದೆಂಬುದು ‘ಲುಕ್ ಆಫ್ಟರ್’ ಎಂಬುದರ ಹಳೆಯ ಅರ್ಥಗಳಲ್ಲೊಂದು. ಶಾಲೆಗೆ ಹೊರಟ ಮೊಮ್ಮಗನು ಓಣಿಯ ತಿರುವಿನಲ್ಲಿ ಮರೆಯಾಗುವವರೆಗೂ ಬಾಗಿಲಲ್ಲಿ ನಿಂತು ನೋಡುವ ಅಜ್ಜಿಯನ್ನು ನೆನೆದುಕೊಂಡರೆ, ಆ ನೋಟಕ್ಕೂ ಆರೈಕೆಗೂ ದೂರವಿಲ್ಲವೆಂಬುದು ತಾನಾಗಿ ತಿಳಿದೀತು. ಬಾಲಕನಿಗೂ ಹೀಗೆಯೇ ಹೇಳಿದೆವು, ಅವನಿಗೆ ಒಪ್ಪಿಗೆಯಾಯಿತು.

ಇಂಗ್ಲಿಷಿನ ಈ ರೀತಿಯನ್ನು ವಿಚಿತ್ರವೆನ್ನುವ ಮೊದಲು ನಮ್ಮ ನುಡಿಯನ್ನೇ ಪರೀಕ್ಷಿಸೋಣ. ‘ಕೊಳ್ಳು’ ಎಂದರೆ ಬೆಲೆಕೊಟ್ಟು ಪಡೆ. ‘ನೋಡಿಕೊಳ್ಳು’ ಎಂಬಲ್ಲಿ ಯಾವ ವ್ಯಾಪಾರವಿದೆ? ನೋಡುವ ಭಾರವನ್ನು ತನ್ನ ಮೇಲೆ ತಂದುಕೊಳ್ಳುವುದೆಂಬ ಅರ್ಥವನ್ನು ಆ ‘ಕೊಳ್ಳು’ ಸೇರಿಸುತ್ತದೆ. ಈ ಊರಿನ ತೆಲುಗರು ‘ಚೂಸುಕೋ’ ಎನ್ನುವಾಗಲೂ ಇದೇ ರಚನೆಯಿದೆ. ಉರ್ದುವಿನ ‘ದೇಖ್‌ಭಾಲ್’ ಎಂಬುದೂ ಕಣ್ಣಿನ ಕೆಲಸದಿಂದಲೇ ಹುಟ್ಟಿದ ಮಾತು. ಇಂಗ್ಲಿಷಿನವನು ‘ಲುಕ್ ಫಾರ್ವರ್ಡ್’ ಎಂದರೆ ನಾವು ‘ಎದುರುನೋಡು’ ಎನ್ನುತ್ತೇವೆ. ಅವನ ‘ಓವರ್‌ಲುಕ್’ ನಮ್ಮಲ್ಲಿ ‘ಕಡೆಗಣಿಸು’. ಅಂದರೆ ನೇರವಾಗಿ ನೋಡದೆ ಕಡೆಗಣ್ಣಿನಲ್ಲಿ ತಳ್ಳಿಬಿಡು. ಆದರೆ ಜಗಳದಲ್ಲಿ ‘ನಿನ್ನನ್ನು ನೋಡಿಕೊಳ್ಳುತ್ತೇನೆ’ ಎಂದು ಗುಡುಗುವವನು ಅದನ್ನು ‘ಐ ವಿಲ್ ಲುಕ್ ಆಫ್ಟರ್ ಯೂ’ ಎಂದು ಭಾಷಾಂತರಿಸದಿರುವುದು ಲೇಸು. ಎದುರಾಳಿಯು ಕೃತಜ್ಞತೆ ಹೇಳಿಯಾನು!

ಬಳಕೆಯಲ್ಲಿ ಮೂರು ಸಂಗತಿಗಳನ್ನು ನೆನಪಿಡಬೇಕು. ಮೊದಲನೆಯದು, ಈ ಎರಡು ಪದಗಳ ನಡುವೆ ಕರ್ಮಪದವನ್ನು ತುರುಕಲಾಗದು. ನಿಘಂಟಿನಲ್ಲಿ ಪದ ಹುಡುಕುವಾಗ ‘ಲುಕ್ ದಿ ವರ್ಡ್ ಅಪ್’ ಎನ್ನಬಹುದು. ಆದರೆ ‘ಲುಕ್ ಹರ್ ಆಫ್ಟರ್’ ಸಲ್ಲದು, ‘ಲುಕ್ ಆಫ್ಟರ್ ಹರ್’ ಎಂದೇ ಆಗಬೇಕು. ಎರಡನೆಯದು, ಕರ್ಮಣಿ ಪ್ರಯೋಗದಲ್ಲಿಯೂ ‘ಆಫ್ಟರ್’ ಬಿಟ್ಟುಹೋಗಬಾರದು: ‘ದಿ ಚೈಲ್ಡ್ ಈಸ್ ವೆಲ್ ಲುಕ್ಡ್ ಆಫ್ಟರ್’. ಮೂರನೆಯದು, ನಿತ್ಯದ ಹೊಣೆಗೆ ‘ಶಿ ಲುಕ್ಸ್ ಆಫ್ಟರ್ ಮಿ’. ಈ ನಾಲ್ಕು ದಿನದ ಮಾತಾದರೆ ‘ಶಿ ಈಸ್ ಲುಕಿಂಗ್ ಆಫ್ಟರ್ ಮಿ’. ಮಗುವಿಗೂ ರೋಗಿಗೂ ಅಂಗಡಿಗೂ ಲೆಕ್ಕಪತ್ರಕ್ಕೂ ತೋಟಕ್ಕೂ ಈ ಮಾತು ಸಲ್ಲುತ್ತದೆ.

ಇಂಗ್ಲಿಷ್ ಬರಬೇಕಾದರೆ ಕನ್ನಡವನ್ನು ಮನೆಯ ಹೊರಗಿಡಬೇಕೆಂಬ ಭ್ರಮೆ ನಮ್ಮವರಲ್ಲಿ ಅನೇಕರಿಗಿದೆ. 1918ರಲ್ಲಿ ಉರ್ದುವನ್ನೇ ಬೋಧನಮಾಧ್ಯಮವಾಗಿರಿಸಿಕೊಂಡು ಉಸ್ಮಾನಿಯಾ ವಿಶ್ವವಿದ್ಯಾಲಯವನ್ನು ಕಟ್ಟಿದ ನಗರವಿದು. ಇಂಗ್ಲಿಷ್ ಬೋಧಕರ ತರಬೇತಿಗೆಂದು 1958ರಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯು ಹುಟ್ಟಿದುದೂ ಇಲ್ಲಿಯೇ. ಇಂದು ಇಂಗ್ಲಿಷ್ ಮತ್ತು ವಿದೇಶೀ ಭಾಷೆಗಳ ವಿಶ್ವವಿದ್ಯಾಲಯವೆನಿಸಿರುವ ಆ ಸಂಸ್ಥೆಯ ನಿರ್ದೇಶಕ ಪೀಠದಲ್ಲಿ ಕುಳಿತಿದ್ದವರಲ್ಲಿ ಕನ್ನಡದ ಕವಿ ವಿನಾಯಕ ಕೃಷ್ಣ ಗೋಕಾಕರೂ ಒಬ್ಬರು. ಅವರ ಕನ್ನಡವು ಅವರ ಇಂಗ್ಲಿಷಿಗೆ ಅಡ್ಡಬರಲಿಲ್ಲ. ತನ್ನ ಭಾಷೆಯ ‘ನೋಡಿಕೊಳ್ಳು’ವನ್ನು ಚೆನ್ನಾಗಿ ಬಲ್ಲವನಿಗೆ ‘ಲುಕ್ ಆಫ್ಟರ್’ ಎಂಬುದು ಬೇಗ ವಶವಾಗುತ್ತದೆ.

ಈಗ ನಮ್ಮ ಮನೆಗಳಲ್ಲಿ ಆಗುತ್ತಿರುವುದು ಬೇರೆ. ‘ನೋಡಿಕೊಳ್ಳು’ ಎಂಬುದನ್ನು ಕೈಬಿಟ್ಟು ‘ಲುಕ್ ಆಫ್ಟರ್ ಮಾಡು’ ಎನ್ನತೊಡಗಿದ್ದೇವೆ. ಆರೈಕೆ, ಉಪಚಾರ, ಜೋಪಾನ, ಪೋಷಣೆ, ಉಸ್ತುವಾರಿ ಎಂಬ ಮಾತುಗಳಿಗೆಲ್ಲ ಇದೊಂದೇ ಸಾಕೆನಿಸಿದೆ. ಕಳೆದ ತಿಂಗಳು ಪರಿಚಿತರೊಬ್ಬರ ಮನೆಯಲ್ಲಿ ಕುಳಿತಿದ್ದೆವು. ಮಗನಿಗೆ ಪರದೇಶದಲ್ಲಿ ಉದ್ಯೋಗವಾಗಿತ್ತು. ‘ಅವ್ವನ್ನ ಯಾರು ಲುಕ್ ಆಫ್ಟರ್ ಮಾಡ್ತಾರ?’ ಎಂದು ಗಂಡಹೆಂಡಿರು ಚರ್ಚಿಸುತ್ತಿದ್ದರು. ಅವ್ವ ಅಲ್ಲಿಯೇ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ತಮ್ಮ ಹೆಸರೆತ್ತಿದಾಗ ತಲೆಯೆತ್ತಿದರು. ಮಿಕ್ಕ ಮಾತು ತಿಳಿಯದೆ ಮತ್ತೆ ತಲೆ ತಗ್ಗಿಸಿದರು. ಮಗನೂ ಸೊಸೆಯೂ ಕೆಟ್ಟವರಲ್ಲ. ಆ ತಾಯಿಯ ಮೇಲೆ ಅವರಿಗೆ ಅಕ್ಕರೆಯಿದೆ. ಆದರೂ ಆಕೆಯ ಬಾಳಿನ ತೀರ್ಮಾನದಿಂದ ಆಕೆಯನ್ನೇ ಆ ಎರಡು ಪದಗಳು ಹೊರಗಿಟ್ಟವು.

ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ನಿರ್ವಹಣೆಯ ಬಗ್ಗೆ ನಮ್ಮ ದೇಶದಲ್ಲಿ 2007ರಲ್ಲಿ ಶಾಸನವಾಗಿದೆ. ಅನ್ನ, ಬಟ್ಟೆ, ವಸತಿ, ಔಷಧೋಪಚಾರಗಳನ್ನು ಅದು ಹೆಸರಿಸುತ್ತದೆ. ತಿಳಿಯುವ ಮಾತಿನಲ್ಲಿ ಅವರನ್ನು ಕೇಳಬೇಕೆಂಬುದನ್ನು ಯಾವ ಶಾಸನವೂ ವಿಧಿಸಲಾರದು. ಅದು ಮನೆಯವರ ಕೆಲಸ.

ಆದುದರಿಂದ ನಮ್ಮ ಮಕ್ಕಳು ‘ಲುಕ್ ಆಫ್ಟರ್’ ಎಂಬುದನ್ನು ಚೆನ್ನಾಗಿಯೇ ಕಲಿಯಲಿ. ಪ್ರಬಂಧದಲ್ಲಿ ತಪ್ಪಿಲ್ಲದೆ ಬರೆಯಲಿ. ಆದರೆ ಅವ್ವನ ಮುಂದೆ ಕುಳಿತಾಗ, “ಅವ್ವಾ, ನಾವು ಹೋದ ಮ್ಯಾಲೆ ನಿನ್ನ ಯಾರು ನೋಡ್ಕೋಬೇಕು? ನೀ ಎಲ್ಲಿರಬೇಕಂತಿ?” ಎಂದು ಕೇಳುವಷ್ಟು ಕನ್ನಡ ಅವರ ಬಾಯಲ್ಲಿ ಉಳಿದಿರಲಿ. ಅಂದು ಆ ಮನೆಯಿಂದ ಏಳುವ ಮೊದಲು ಆ ಪ್ರಶ್ನೆಯನ್ನು ಕನ್ನಡದಲ್ಲಿ ನಾವೇ ಕೇಳಿದೆವು. ಅವ್ವನವರು ಅವರೆಕಾಯಿಯ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದರು. ಅವರಿಗೆ ಹೇಳಬೇಕಾದುದು ಬಹಳವಿತ್ತು.