ತಂದೆಯ ತಪ್ಪು, ಮಕ್ಕಳ ಹೊಣೆ

ಒಬ್ಬನ ಅಪರಾಧಕ್ಕೆ ಅವನ ಸಂತತಿಯೂ ಹೊಣೆಯೇ ಎಂಬ ಪ್ರಶ್ನೆಗೆ ಬೈಬಲ್ ಒಂದೇ ಉತ್ತರ ನೀಡುವುದಿಲ್ಲ. ವಿಮೋಚನಕಾಂಡದ 20ನೇ ಅಧ್ಯಾಯವು ತಂದೆಗಳ ದೋಷಫಲ ಮೂರು, ನಾಲ್ಕು ತಲೆಮಾರುಗಳವರೆಗೆ ಮುಟ್ಟುತ್ತದೆಂದು ಹೇಳಿದರೆ, ಧರ್ಮೋಪದೇಶಕಾಂಡದ 24ನೇ ಅಧ್ಯಾಯವು ತಂದೆಯ ಪಾಪಕ್ಕಾಗಿ ಮಗನಿಗೆ ಮರಣದಂಡನೆ ವಿಧಿಸುವುದನ್ನು ನಿಷೇಧಿಸುತ್ತದೆ. ಯೆಹೂದದ ಅರಸ ಅಮಚ್ಯನು ತನ್ನ ತಂದೆಯನ್ನು ಕೊಂದವರನ್ನು ಕೊಲ್ಲಿಸಿಯೂ ಅವರ ಮಕ್ಕಳನ್ನು ಉಳಿಸಿದ್ದು ಈ ನಿಯಮಕ್ಕೆ ತಲೆಬಾಗಿಯೇ. ಕ್ರಿ.ಪೂ. 6ನೇ ಶತಮಾನದಲ್ಲಿ ಬಾಬಿಲೋನಿನ ಸೆರೆಯಲ್ಲಿದ್ದ ಯೆಹೂದ್ಯರು ಹಿರಿಯರ ಪಾಪವನ್ನು ತಾವು ಉಣ್ಣುತ್ತಿದ್ದೇವೆಂದು ಗೊಣಗಿದಾಗ, ಪ್ರವಾದಿಯಾದ, ಅಂದರೆ ದೇವರ ಮಾತನ್ನು ಜನರಿಗೆ ಮುಟ್ಟಿಸುವವನಾದ ಯೆಹೆಜ್ಕೇಲನು, ನೀತಿವಂತ ತಂದೆ, ದುಷ್ಟ ಮಗ, ಮತ್ತೆ ನೀತಿವಂತ ಮೊಮ್ಮಗ ಎಂಬ ದೃಷ್ಟಾಂತವನ್ನು ಮುಂದಿಟ್ಟು, ಪಾಪ ಮಾಡಿದವನೇ ಅದಕ್ಕೆ ಹೊಣೆಯೆಂದು ವಾದಿಸಿದನು.

ಆದರೆ ದೋಷವನ್ನು ಹೊರದವರೂ ಅದರ ಪರಿಣಾಮವನ್ನು ಹೊರಬೇಕಾಗುತ್ತದೆ ಎಂಬುದಕ್ಕೆ ಇಂದಿನ ಯಾದಗಿರಿ ಜಿಲ್ಲೆಯ ಸುರಪುರವೇ ಸಾಕ್ಷಿ. ರಾಜಾ ವೆಂಕಟಪ್ಪ ನಾಯಕನು 1858ರಲ್ಲಿ ಬ್ರಿಟಿಷರ ವಿರುದ್ಧ ದಂಗೆ ಎದ್ದನು. ಅದನ್ನು ಅಪರಾಧವೆಂದು ಕರೆದವರು ಗೆದ್ದವರು, ನಾಡಿಗೆ ಅದು ಪರಾಕ್ರಮವೇ. ಸೆರೆಸಿಕ್ಕ ಅರಸನು ಅದೇ ವರ್ಷ ಗುಂಡೇಟಿನಿಂದ ಮೃತನಾದ ಮೇಲೂ ದಂಡನೆ ಅಲ್ಲಿಗೆ ನಿಲ್ಲಲಿಲ್ಲ: ಬ್ರಿಟಿಷರು ವಶಪಡಿಸಿಕೊಂಡ ಸಂಸ್ಥಾನವನ್ನು 1860ರಲ್ಲಿ ನಿಜಾಮನಿಗೆ ಒಪ್ಪಿಸಿದ್ದರಿಂದ, ದಂಗೆಯಲ್ಲಿ ಕೈಯಿಡದ ಪೀಳಿಗೆಗಳೂ ಆಳ್ವಿಕೆಯ ಹಕ್ಕನ್ನು ಕಳೆದುಕೊಂಡವು. ಅದೇ ಬ್ರಿಟಿಷ್ ಸರ್ಕಾರವು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ತಂದು ಇನ್ನೂ ಮುಂದೆ ಹೋಯಿತು. ಪಟ್ಟಿಗೆ ಸೇರಿದ ಸಮುದಾಯದಲ್ಲಿ ಹುಟ್ಟಿದ ಕೂಸಿಗೂ ಹುಟ್ಟಿನಿಂದಲೇ ಶಂಕೆಯ ಮುದ್ರೆ ಬೀಳುತ್ತಿದ್ದ ಈ ವ್ಯವಸ್ಥೆಯನ್ನು ಸ್ವತಂತ್ರ ಭಾರತವು 1952ರಲ್ಲಿ ರದ್ದುಗೊಳಿಸಿತು.