ಒಳಪದರದ ಒಂದು ಮೌಲ್ಯವನ್ನು ತಿದ್ದುವ ಬಗೆ

ಶಾಲೆಯ ದಾಖಲಾತಿ ಪುಸ್ತಕದಲ್ಲಿ ಒಂದು ಪದವನ್ನು ತಿದ್ದಬೇಕಾದಾಗ ಶಿಕ್ಷಕರು ಹಳೆಯ ಬರಹವನ್ನು ಅಳಿಸಿಹಾಕುವುದಿಲ್ಲ. ಅದು ಓದಲು ಸಿಗುವಂತೆ ಉಳಿಸಿಕೊಂಡು ಹೊಸದನ್ನು ಬರೆಯುತ್ತಾರೆ. ಗಣಕಯಂತ್ರದ ದಾಖಲೆಗಳಿಗೂ ಇದೇ ಎಚ್ಚರ ಅಗತ್ಯ. ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಈ ಎಚ್ಚರವನ್ನು ಸುಲಭವಾಗಿಸುವ ‘ಇಮ್ಮರ್’ ಎಂಬ ಕಿರು ಲೈಬ್ರರಿಯ ಪರಿಚಯ ಇಲ್ಲಿದೆ.

2009ರಲ್ಲಿ ಕೊಯಮತ್ತೂರು ಮತ್ತು ಈರೋಡು ಜಿಲ್ಲೆಗಳ ಭಾಗಗಳನ್ನು ಸೇರಿಸಿ ತಿರುಪ್ಪೂರು ಜಿಲ್ಲೆಯನ್ನು ರಚಿಸಲಾಯಿತು. ಉಡುಮಲೈಪೇಟೆ ತಾಲೂಕು ಹೊಸ ಜಿಲ್ಲೆಗೆ ಸೇರಿತು. ಆ ತಾಲೂಕಿನ ಕನ್ನಡ ಕುಟುಂಬದ ಬಾಲಕಿಯೊಬ್ಬಳು 2008ರಲ್ಲಿ ಗಣಪತಿಯ ಶಾಲೆಗೆ ಸೇರಿದಳೆಂದು ಭಾವಿಸೋಣ. ಅವಳ ದಾಖಲೆಯಲ್ಲಿ ‘ಅಂಕಗಳು’ ಮತ್ತು ‘ಕುಟುಂಬ’ ಎಂಬ ಎರಡು ಭಾಗಗಳಿವೆ. ‘ಕುಟುಂಬ’ದೊಳಗೆ ‘ಮಾತೃಭಾಷೆ’ ಮತ್ತು ‘ಊರು’. ‘ಊರು’ ಎಂಬುದರೊಳಗೆ ‘ಗ್ರಾಮ’, ‘ತಾಲೂಕು’, ‘ಜಿಲ್ಲೆ’. ಹೀಗೆ ಒಂದರೊಳಗೊಂದು ಅಡಕವಾದ ಆಬ್ಜೆಕ್ಟ್‌ನಲ್ಲಿ ಜಿಲ್ಲೆಯ ಹೆಸರನ್ನು ಮಾತ್ರ ಬದಲಿಸಬೇಕು. ಆದರೆ 2008ರ ದಾಖಲೆ ಅಂದಿಗೆ ಸತ್ಯವಾದುದು; ಅದು ಕೆಡಬಾರದು.

ಇಲ್ಲಿ ಸಾಮಾನ್ಯವಾಗಿ ಎರಡು ತಪ್ಪುಗಳಾಗುತ್ತವೆ. ಮೊದಲನೆಯದು, ಮೇಲ್ಪದರವನ್ನಷ್ಟೇ ನಕಲು ಮಾಡುವುದು. ಹೊಸ ದಾಖಲೆ ಬೇರೆಯಾಗಿ ಕಂಡರೂ ಅದರೊಳಗಿನ ‘ಕುಟುಂಬ’ ಹಳೆಯದೇ ಆಗಿರುತ್ತದೆ. ಒಂದೇ ಮನೆಗೆ ಎರಡು ಬಾಗಿಲಿದ್ದಂತೆ. ಹೊಸದರಲ್ಲಿ ಜಿಲ್ಲೆಯನ್ನು ತಿದ್ದಿದರೆ ಹಳೆಯದರಲ್ಲಿಯೂ ಅದು ಬದಲಾಗುತ್ತದೆ. ಎರಡನೆಯದು, ಜಿಲ್ಲೆಯೊಂದನ್ನೇ ಹೊಂದಿದ ಹೊಸ ‘ಕುಟುಂಬ’ವನ್ನು ಹಳೆಯದರ ಜಾಗದಲ್ಲಿ ಇರಿಸುವುದು. ಆಗ ‘ಮಾತೃಭಾಷೆ: ಕನ್ನಡ’ ಎಂಬ ನಮೂದೇ ಕಾಣೆಯಾಗುತ್ತದೆ.

ಪ್ರತಿ ಪದರವನ್ನೂ ಕೈಯಿಂದಲೇ ನಕಲು ಮಾಡುತ್ತ ಹೋಗುವುದು ಸರಿಯಾದ ದಾರಿ. ಆದರೆ ಪದರಗಳು ಹೆಚ್ಚಿದಂತೆ ಬರಹ ಉದ್ದವಾಗಿ ತಪ್ಪುಗಳಿಗೆ ಎಡೆಯಾಗುತ್ತದೆ. ಮಿಷೆಲ್ ವೆಸ್ಟ್‌ಸ್ಟ್ರಾಟ್ ರೂಪಿಸಿದ ಇಮ್ಮರ್ ಈ ಶ್ರಮವನ್ನು ತಾನೇ ವಹಿಸಿಕೊಳ್ಳುತ್ತದೆ. ಜರ್ಮನ್ ಭಾಷೆಯಲ್ಲಿ ಆ ಪದಕ್ಕೆ ‘ಯಾವಾಗಲೂ’ ಎಂದರ್ಥ. ಅದರ ‘ಪ್ರೊಡ್ಯೂಸ್’ ಎಂಬ ಕಾರ್ಯಕ್ಕೆ ಮೂಲ ದಾಖಲೆಯನ್ನೂ ತಿದ್ದುಪಡಿಯ ಸೂಚನೆಯನ್ನೂ ಕೊಡಬೇಕು. ಅದು ಒಂದು ಕರಡನ್ನು ನಮ್ಮ ಕೈಗಿಡುತ್ತದೆ. ನಾವು ಬರೆಯಬೇಕಾದುದು ಇಷ್ಟೇ:

ಕರಡು.ಕುಟುಂಬ.ಊರು.ಜಿಲ್ಲೆ = "ತಿರುಪ್ಪೂರು"

ಜಾವಾಸ್ಕ್ರಿಪ್ಟ್‌ನಲ್ಲಿ ಹೆಸರುಗಳನ್ನು ಕನ್ನಡ ಲಿಪಿಯಲ್ಲಿಯೂ ಇಡಬಹುದಾದ್ದರಿಂದ ಈ ಸಾಲು ಹೀಗೆಯೇ ನಡೆಯುತ್ತದೆ.

ಕರಡು ಎಂಬುದು ಪೂರ್ಣ ನಕಲಲ್ಲ. 2015ರ ಆವೃತ್ತಿಯಲ್ಲಿ ಭಾಷೆಗೆ ಸೇರಿದ ‘ಪ್ರಾಕ್ಸಿ’ ಎಂಬ ಸೌಲಭ್ಯದ ಮೂಲಕ ಇಮ್ಮರ್ ನಮ್ಮ ಪ್ರತಿ ಬರಹವನ್ನೂ ಗಮನಿಸುತ್ತದೆ. ಜಿಲ್ಲೆ ಬದಲಾದ ಕೂಡಲೇ ‘ಊರು’, ಅದನ್ನು ಹೊತ್ತ ‘ಕುಟುಂಬ’, ಅದನ್ನು ಹೊತ್ತ ದಾಖಲೆ, ಈ ಮೂರನ್ನು ಮಾತ್ರ ಹೊಸದಾಗಿ ಮಾಡುತ್ತದೆ. ‘ಅಂಕಗಳು’ ಬದಲಾಗಿಲ್ಲವಾದ್ದರಿಂದ ಹಳೆಯದನ್ನೇ ಹಂಚಿಕೊಳ್ಳುತ್ತದೆ. ಇದರಿಂದ ಸ್ಥಳ ಉಳಿಯುತ್ತದೆ. ಯಾವ ಭಾಗ ಬದಲಾಯಿತೆಂಬುದನ್ನು ಹೋಲಿಸಿ ತಿಳಿಯುವುದೂ ಸುಲಭ. ಏನನ್ನೂ ಬದಲಿಸದಿದ್ದರೆ ಮೂಲ ದಾಖಲೆಯೇ ಹಿಂದಿರುಗುತ್ತದೆ. ಹೊರಬಂದ ಹೊಸ ದಾಖಲೆಯನ್ನು ಮುಂದೆ ಯಾರೂ ಅರಿಯದೆ ತಿದ್ದದಂತೆ ಇಮ್ಮರ್ ಬಿಗಿಗೊಳಿಸಿಡುತ್ತದೆ.

ಒಂದು ಎಚ್ಚರಿಕೆ: ಸೂಚನೆಯೊಳಗೆ ಕರಡನ್ನು ತಿದ್ದಬೇಕು, ಇಲ್ಲವೇ ಹೊಸ ಮೌಲ್ಯವನ್ನು ಹಿಂದಿರುಗಿಸಬೇಕು, ಎರಡನ್ನೂ ಒಟ್ಟಿಗೆ ಮಾಡಬಾರದು. ಒಂದೇ ಪದರದ ಚಿಕ್ಕ ದಾಖಲೆಗೆ ಈ ಲೈಬ್ರರಿಯ ಅಗತ್ಯವೂ ಇಲ್ಲ.

ತರಗತಿ ಚಟುವಟಿಕೆ: ಒಂದರೊಳಗೊಂದು ಹಿಡಿಸುವ ಮೂರು ಲಕೋಟೆಗಳನ್ನು ತೆಗೆದುಕೊಳ್ಳಿ. ಅತ್ಯಂತ ಒಳಗಿನದರಲ್ಲಿ ಜಿಲ್ಲೆಯ ಹೆಸರಿನ ಚೀಟಿಯನ್ನು ಇಡಿ. ನಡುವಿನದರಲ್ಲಿ ಮಾತೃಭಾಷೆಯ ಚೀಟಿ, ಹೊರಗಿನದರಲ್ಲಿ ಅಂಕಗಳ ಚೀಟಿ ಇರಲಿ. ಹಳೆಯ ಲಕೋಟೆಗಳನ್ನು ಕೆಡಿಸದೆ ಜಿಲ್ಲೆಯನ್ನು ಬದಲಿಸಿದ ಹೊಸ ಕಟ್ಟನ್ನು ಸಿದ್ಧಪಡಿಸುವಂತೆ ಮಕ್ಕಳಿಗೆ ಹೇಳಿ. ಎಷ್ಟು ಹೊಸ ಲಕೋಟೆಗಳು ಬೇಕಾದವು, ಯಾವ ಚೀಟಿಗಳನ್ನು ಹೊಸದಾಗಿ ಬರೆಯುವ ಅಗತ್ಯ ಬೀಳಲಿಲ್ಲ ಎಂದು ಕೇಳಿ.

ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ದೊರೆಯಬೇಕೆಂದು ಹೇಳುತ್ತದೆ. ಮಗುವಿನ ಮಾತೃಭಾಷೆ ಯಾವುದೆಂದು ಕಚೇರಿಗೆ ತಿಳಿಯುವುದು ದಾಖಲೆಯಲ್ಲಿನ ಆ ಒಂದು ನಮೂದಿನಿಂದ. ಜಿಲ್ಲೆಯನ್ನು ತಿದ್ದುವಾಗ ಭಾಷೆ ಅಳಿಯದಂತೆ ನೋಡಿಕೊಳ್ಳುವುದು ಆದ್ದರಿಂದ ಶಿಕ್ಷಕರ ಹೊಣೆಯೂ ಹೌದು.